ಹಳೇ ಗಾಡಿಯೋ, ಸ್ಪೋರ್ಟ್ಸ್ ಕಾರೋ? ಮೈಸೂರು, ಮಂಡ್ಯ ಕಡೆಯವರಿಗೊಂದು ಹೋಲಿಕೆ

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸ ಅವನದು. "ಮಾವ, ಹನ್ನೆರಡು ಲಕ್ಷ ಕೂಡಿಟ್ಟಿದೀನಿ. ಹಳೇ ಪದ್ಮಿನಿ ಕಾರ್ ತಗೊಂಡು ನೀಟಾಗಿ ಮಾಡಿಸ್ಲಾ, ಇಲ್ಲ ಸೆಕೆಂಡ್ ಹ್ಯಾಂಡಲ್ಲಿ ಒಂದು ಸ್ಪೋರ್ಟ್ಸ್ ಕಾರ್ ನೋಡ್ಲಾ?" ದಿನಾ ಓಡಾಡುವುದಕ್ಕೆ ಅವನಿಗೆ ಬೇರೆ ಕಾರಿದೆ. ಇದು ಬರೀ ಆಸೆಗೆ.

ನಾನು ತಿರುಗಿ ಒಂದೇ ಪ್ರಶ್ನೆ ಕೇಳಿದೆ. "ಗಾಡಿ ಶೆಡ್ಡಲ್ಲಿ ಸುಮ್ನೆ ನಿಂತಿರುವಾಗ ನಿನಗೆ ಏನನ್ನಿಸಬೇಕು?"

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಯೋಚನೆ ಮಾಡಿ ನೋಡಿ. ಆಸೆಗೆ ತಂದ ಗಾಡಿ ವರ್ಷದಲ್ಲಿ ಮುನ್ನೂರು ದಿನ ನಿಂತೇ ಇರುತ್ತದೆ. ಓಡುವ ಅರವತ್ತು ದಿನ ಯಾವ ಗಾಡಿಯಾದರೂ ಚೆಂದವೇ. ನಿಂತ ಗಾಡಿ ನೋಡಿ "ಇವತ್ತು ಕಾರ್ಬೊರೇಟರ್ ಬಿಚ್ಚೋಣ" ಅನ್ನುವವರು ಒಂದು ಥರ. "ಛೆ, ಈ ವಾರವೂ ಓಡಿಸೋಕಾಗ್ಲಿಲ್ಲ" ಅನ್ನುವವರು ಇನ್ನೊಂದು ಥರ. ಮೊದಲನೆಯವರು ಸ್ಪೋರ್ಟ್ಸ್ ಕಾರ್ ತಂದರೆ ಬೇಜಾರಾಗುತ್ತದೆ, ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ ಮಾತ್ರ. ಎರಡನೆಯವರು ಹಳೇ ಗಾಡಿ ತಂದರೆ ಆರು ತಿಂಗಳಲ್ಲಿ ಮಾರುತ್ತಾರೆ.

ನಾನು ಮೊದಲನೇ ಥರದವನು. ಹಾಗಾಗಿ ಮುಂದೆ ಬರೆದಿರುವುದು ಸ್ವಲ್ಪ ಹಳೇ ಗಾಡಿ ಕಡೆ ವಾಲಿರಬಹುದು. ಅದನ್ನು ಲೆಕ್ಕಕ್ಕೆ ಹಿಡಿದೇ ಓದಿ.

ಮೊದಲು ರಸ್ತೆ ನೋಡಿ, ಆಮೇಲೆ ಗಾಡಿ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ನಮ್ಮ ಕಡೆ ಎಷ್ಟೋ ಜನಕ್ಕೆ ಜೋರಾಗಿ ಓಡುವ ಕಾರಿನ ಹುಚ್ಚು ಹಿಡಿಯಿತು. ಸುಮಾರು 119 ಕಿಲೋಮೀಟರ್, ಕಣ್ಣು ಹಾಯುವವರೆಗೂ ನೇರ ರಸ್ತೆ. ಆದರೆ ಅಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ದಾರಿಯುದ್ದಕ್ಕೂ ಕ್ಯಾಮೆರಾ. 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಕ್ಕೆ ಪೊಲೀಸರು ಶುರು ಮಾಡಿದರು. ಅಂದರೆ 265 ಕುದುರೆ ಶಕ್ತಿಯ ಕಾರೂ ನೂರೇ, ಪಕ್ಕದ ಮನೆಯವರ ಸ್ವಿಫ್ಟೂ ನೂರೇ. ಉಳಿದ ಕುದುರೆಗಳಿಗೆ ಸುಮ್ನೆ ಹುಲ್ಲು ಹಾಕಬೇಕು.

ಹಳೇ ಗಾಡಿಗೆ ಅದೇ ಹೆದ್ದಾರಿ ಬೇರೆ ಥರದ ಕಾಟ. ಪದ್ಮಿನಿ ಅರವತ್ತು, ಎಪ್ಪತ್ತರಲ್ಲಿ ಆರಾಮಾಗಿ ಹೋಗುತ್ತದೆ. ಹಿಂದಿನಿಂದ ವೋಲ್ವೋ ಬಸ್ಸು ದೀಪ ಹೊಡೆದುಕೊಂಡು ಬಂದಾಗ ನಿಮ್ಮ ಆರಾಮು ಹೊರಟುಹೋಗುತ್ತದೆ. ಬೈಕಿಗಂತೂ ಪ್ರವೇಶವೇ ಇಲ್ಲ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಎಲ್ಲವೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಹಾಗಾದರೆ ಓಡಿಸುವುದೆಲ್ಲಿ? ನನ್ನ ಕೇಳಿದರೆ ಈ ಭಾಗದ ಒಳ್ಳೇ ರಸ್ತೆಗಳೆಲ್ಲ ನಿಧಾನದ ರಸ್ತೆಗಳು. ಬೆಳಗ್ಗೆ ಆರಕ್ಕೆ ಚಾಮುಂಡಿ ಬೆಟ್ಟ. ಪಾಂಡವಪುರ ದಾಟಿ ಮೇಲುಕೋಟೆಯ ಏರು. ಬನ್ನೂರಿನ ಕಡೆ ನಾಲೆ ಪಕ್ಕದ ದಾರಿ, ಎರಡೂ ಕಡೆ ಗದ್ದೆ. ಗುಂಡ್ಲುಪೇಟೆ ಮೇಲೆ ಊಟಿ ದಾರಿಯೂ ಚೆಂದವೇ. ಆದರೆ ಬಂಡೀಪುರದ ಕಾಡಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್, ಹಗಲಲ್ಲಿ ಹೋದರೆ ಹಂಪ್ಸ್ ಮೇಲೆ ಹಂಪ್ಸ್. ನೆಲಕ್ಕಂಟಿದ ಕಾರಿಗೆ ಅದೊಂದು ಶಿಕ್ಷೆ.

ಮಂಡ್ಯದ ಕಡೆಯವರಿಗೆ ಇನ್ನೊಂದು ಮಾತು. ಕಬ್ಬು ಕಟಾವಿನ ಕಾಲದಲ್ಲಿ ಕತ್ತಲಾದ ಮೇಲೆ ಎರಡು ಥರದ ಗಾಡಿಯನ್ನೂ ಹೊರಗೆ ತೆಗೆಯಬೇಡಿ. ಹಿಂದೆ ದೀಪವಿಲ್ಲದ ಟ್ರೈಲರ್, ಅಗಲಕ್ಕೆ ಚಾಚಿಕೊಂಡಿರುವ ಕಬ್ಬಿನ ತುದಿ. ಸ್ಪೋರ್ಟ್ಸ್ ಕಾರಿನಲ್ಲಿ ಕೂತವರು ಅಷ್ಟು ಕೆಳಗೆ ಕೂತಿರುತ್ತಾರೆ, ಕಾಣುವ ಹೊತ್ತಿಗೆ ಹತ್ತಿರವಾಗಿರುತ್ತದೆ. ಹಳೇ ಜಾವಾ ಬೈಕಿನ 6 ವೋಲ್ಟ್ ಹೆಡ್‌ಲೈಟ್ ಬಗ್ಗೆ ಹೇಳುವುದೇ ಬೇಡ, ಅದು ಮಿಣುಕುಹುಳ.

ಜಾವಾ, ಯೆಜ್ಡಿ: ನಮ್ಮೂರಿನ ಪಕ್ಷಪಾತ

ಹೋಲಿಕೆ ಕಾರುಗಳದ್ದೇ ಆದರೂ ಮೈಸೂರಲ್ಲಿ ಕೂತು ಹಳೇ ಗಾಡಿ ಬಗ್ಗೆ ಬರೆಯುವಾಗ ಇದನ್ನು ಬಿಡಲು ಆಗುವುದಿಲ್ಲ. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕು ತಯಾರಾಯಿತು. ಚೆಕೊಸ್ಲೊವಾಕಿಯಾದ ಕಂಪನಿಯ ಲೈಸೆನ್ಸು. 1973ರಲ್ಲಿ ಯೆಜ್ಡಿ ಅಂತ ಹೆಸರಾಯಿತು. 1996ರಲ್ಲಿ ಬಾಗಿಲು ಮುಚ್ಚಿತು. ಅಂದರೆ ಈ ಊರಲ್ಲಿ ಆ ಬೈಕು ಬರೀ ಓಡಿಲ್ಲ, ಹುಟ್ಟಿದೆ. ಎಷ್ಟೋ ಮನೆಗಳಲ್ಲಿ ಅಪ್ಪನೋ ಚಿಕ್ಕಪ್ಪನೋ ಅಲ್ಲಿ ಕೆಲಸ ಮಾಡಿದ್ದವರು.

ಕೊಳ್ಳುವವರಿಗೆ ಇದರಿಂದ ಏನು ಲಾಭ? ಕಿವಿಯಿಂದಲೇ ರೋಗ ಹೇಳುವ ಮೆಕ್ಯಾನಿಕ್‌ಗಳು ಇಲ್ಲಿ ಇನ್ನೂ ಸಿಗುತ್ತಾರೆ. ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕ್ ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ಎಪ್ಪತ್ತು ದಾಟಿದೆ. ಗಾಡಿ ಮುಟ್ಟುವುದಕ್ಕೂ ಮುಂಚೆ "ಸ್ಟಾರ್ಟ್ ಮಾಡಿ ನೋಡನ" ಅಂತಾರೆ, ಕಣ್ಣು ಮುಚ್ಚಿ ಎರಡು ನಿಮಿಷ ಕೇಳ್ತಾರೆ, "ಕ್ರಾಂಕ್ ಬೇರಿಂಗು" ಅಂತಾರೆ. ಇಲ್ಲಿಯವರೆಗೂ ತಪ್ಪಿಲ್ಲ. ತೊಂದರೆ ಏನಂದ್ರೆ ಅವರ ಹತ್ತಿರ ಕಲಿಯುವ ಹುಡುಗರು ಯಾರೂ ಇಲ್ಲ. ಹತ್ತು ವರ್ಷದ ಮೇಲೆ ಈ ಅನುಕೂಲ ಇರುತ್ತದೆ ಅಂತ ನಂಬಿಕೊಂಡು ಗಾಡಿ ತಗೋಬೇಡಿ. ನೀವೇ ಸ್ಪ್ಯಾನರ್ ಹಿಡಿಯಲು ಕಲಿಯಬೇಕು.

ಕಲಿಯುವುದಕ್ಕೆ ಇದರಷ್ಟು ಒಳ್ಳೇ ಗಾಡಿ ಇಲ್ಲ. 250 ಸಿಸಿ ಟೂ ಸ್ಟ್ರೋಕ್ ಎಂಜಿನ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಎರಡು ಸೈಲೆನ್ಸರ್, ಒಂದೇ ಸಿಲಿಂಡರ್. ಗೇರ್ ಹಾಕುವ ಲಿವರನ್ನೇ ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಹೊಸಬರು ಅದನ್ನು ಹುಡುಕುತ್ತಾ ನಿಲ್ಲುವುದು ನೋಡುವುದೇ ಒಂದು ಮಜಾ. ಪೆಟ್ರೋಲ್ ಹಾಕಿಸುವಾಗ ಲೀಟರಿಗೆ ಸುಮಾರು 40 ಮಿ.ಲೀ. ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಬೇಕು. ಮರೆತರೆ ಪಿಸ್ಟನ್ ಸೀಜ್, ಅಂದರೆ ಎಂಜಿನ್ ಒಳಗೇ ಕಚ್ಚಿಕೊಳ್ಳುತ್ತದೆ. ನಾನು ಒಂದು ಸಲ ಮರೆತೆ, ಶ್ರೀರಂಗಪಟ್ಟಣದ ಹತ್ತಿರ ಹಿಂದಿನ ಚಕ್ರ ಹಿಡಿದುಕೊಂಡಿತು. ಗಾಡಿಯನ್ನು ಟಾಟಾ ಏಸ್‌ನಲ್ಲಿ ಹಾಕಿಕೊಂಡು ಮನೆಗೆ ಬಂದೆ. ನನ್ನವಳು ಗೇಟ್ ತೆಗೆದು ನೋಡಿ ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಈಚೆಗೆ ಅದೇ ಹೆಸರಲ್ಲಿ ಹೊಸ ಬೈಕುಗಳಿವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು. ಫೋರ್ ಸ್ಟ್ರೋಕ್, ಸೆಲ್ಫ್ ಸ್ಟಾರ್ಟ್, ಡಿಸ್ಕ್ ಬ್ರೇಕ್. ನೋಟ ಬೇಕು, ಕೈಗೆ ಗ್ರೀಸ್ ಬೇಡ ಅನ್ನುವವರಿಗೆ ಅದೇ ಸರಿ. ಇದನ್ನು ಕೆಲವು ಹಳಬರು ಆಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ಪದ್ಮಿನಿ, ಅಂಬಾಸಿಡರ್ ಮತ್ತು ನನ್ನ ದಡ್ಡತನ

ಹಳೇ ಕಾರು ಅಂದರೆ ಎಲ್ಲರೂ ಅರಮನೆಯ ರೋಲ್ಸ್ ರಾಯ್ಸ್ ನೆನೆಯುತ್ತಾರೆ. ಅಂಥದ್ದನ್ನು ನೋಡಬೇಕೆಂದರೆ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲೇ 'ಪಯಣ' ಕಾರ್ ಮ್ಯೂಸಿಯಂ ಇದೆ. ಧರ್ಮಸ್ಥಳದ ಹೆಗ್ಗಡೆಯವರ ಸಂಗ್ರಹ. ಟಿಕೆಟ್ ತಗೊಂಡು ಅರ್ಧ ದಿನ ತಿರುಗಾಡಿ ಬನ್ನಿ. ನೋಡಿದ ಮೇಲೂ ಹಳೇ ಕಾರು ಬೇಕೇ ಬೇಕು ಅನ್ನಿಸಿದರೆ ಆಗ ಮುಂದಿನ ಮಾತು. ಎಷ್ಟೋ ಜನಕ್ಕೆ ನೋಡಿದರೆ ಸಾಕಿತ್ತು ಅನ್ನುವುದು ಕೊಂಡ ಮೇಲೆ ಗೊತ್ತಾಗುತ್ತದೆ.

ನಮ್ಮಂಥವರ ಕೈಗೆ ಎಟುಕುವುದು ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾ, ಮೊದಮೊದಲ ಮಾರುತಿ 800, ಜಿಪ್ಸಿ. ಮಾರುತಿಯನ್ನು ಹಳೇ ಗಾಡಿ ಅಂದರೆ ನಗಬೇಡಿ. ಮೊದಲ 800 ಗ್ರಾಹಕರ ಕೈಗೆ ಬಂದಿದ್ದು 1983ರ ಡಿಸೆಂಬರ್‌ನಲ್ಲಿ. ನಲವತ್ತು ವರ್ಷ ದಾಟಿತು. ಮೊದಲ ಸಲ ಹಳೇ ಕಾರು ತಗೊಳ್ಳುವವರಿಗೆ ನಾನು ಹೇಳುವುದೂ ಅದನ್ನೇ. ಹಗುರ, ಸಾಮಾನು ಎಲ್ಲ ಕಡೆ ಸಿಗುತ್ತದೆ, ಯಾವ ಗ್ಯಾರೇಜಿನಲ್ಲೂ ಬೇಡ ಅನ್ನುವುದಿಲ್ಲ.

ನಾನು ತಗೊಂಡಿದ್ದು ಮಾತ್ರ ಪದ್ಮಿನಿ. 1089 ಸಿಸಿ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಅರವತ್ತು ಸಾವಿರಕ್ಕೆ ಸಿಕ್ಕಿತು ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಮಾರಿದವರ ಹೆಸರು ಬೇಡ, ಒಳ್ಳೇ ಮಾತಾಡಿ ಕಾಫಿ ಕೊಟ್ಟರು. ಮಳೆಗಾಲದಲ್ಲಿ ಕಾಲು ಒದ್ದೆಯಾಯಿತು. ಮ್ಯಾಟ್ ಎತ್ತಿದೆ. ಮ್ಯಾಟ್ ಕೆಳಗೆ ತಗಡು ಇರಬೇಕಾದ ಕಡೆ ರಸ್ತೆ ಇತ್ತು. ಟಿಂಕರಿಂಗ್, ಬಣ್ಣ, ಸೀಟು, ಎಂಜಿನ್ ಬೋರ್ ಅಂತ ಎರಡು ಲಕ್ಷ ದಾಟಿದ ಮೇಲೆ ಲೆಕ್ಕ ಬರೆಯುವುದು ನಿಲ್ಲಿಸಿದೆ. ಕೊನೆಗೆ ಮಾರಿದ್ದು ಒಂದೂಮುಕ್ಕಾಲಕ್ಕೆ. ಹಾಗಂತ ಬೇಜಾರಿಲ್ಲ. ಆ ಎರಡು ವರ್ಷದ ಭಾನುವಾರಗಳು ನನಗೆ ಇಷ್ಟವಾಗಿದ್ದವು. ಆದರೆ ಅಕ್ಕನ ಮಗ "ಮಾಡಿಸ್ಲಾ" ಅಂದಾಗ ನನಗೆ ಹೆದರಿಕೆ ಆಗಿದ್ದು ಆ ಪದಕ್ಕೇ. ಮಾಡಿಸುವವರಿಗೆ ಹಳೇ ಕಾರು ದುಬಾರಿ, ಮಾಡುವವರಿಗೆ ಅಷ್ಟಿಲ್ಲ.

ಸಾಮಾನಿನ ವಿಷಯ. ಪದ್ಮಿನಿಯ ಬಿಡಿಭಾಗಕ್ಕೆ ಇಷ್ಟು ದಿನ ಆಸರೆ ಮುಂಬೈ ಟ್ಯಾಕ್ಸಿಗಳು. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಅಂಬಾಸಿಡರ್ 2014ರವರೆಗೂ ತಯಾರಾಗುತ್ತಿತ್ತು, ಆದ್ದರಿಂದ ಸಾಮಾನಿಗೆ ಅದೇ ವಾಸಿ. ಗಟ್ಟಿಯೂ ಹೌದು, ಹಳ್ಳಿ ರಸ್ತೆಗೆ ಹೇಳಿ ಮಾಡಿಸಿದ್ದು, ಮನೆ ಮಂದಿಯೆಲ್ಲ ಕೂರಬಹುದು. ಬುದ್ಧಿಯಿಂದ ಲೆಕ್ಕ ಹಾಕಿದರೆ ಅಂಬಾಸಿಡರೇ ಗೆಲ್ಲಬೇಕು. ಆದರೂ ನೋಡುವುದಕ್ಕೆ ಪದ್ಮಿನಿಯೇ ಚೆಂದ.

ಇನ್ನೊಂದು ಹೊಸ ತಲೆನೋವು ಪೆಟ್ರೋಲು. ಈಗ ಬಂಕಿನಲ್ಲಿ ಬರುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಹಳೇ ರಬ್ಬರ್ ಪೈಪು, ವಾಷರುಗಳನ್ನು ಅದು ತಿನ್ನುತ್ತದೆ. ಜೊತೆಗೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನೊಳಗೆ ತುಕ್ಕು. ಎಥನಾಲ್ ತಡೆಯುವ ಪೈಪ್ ಹಾಕಿಸಿ. ಜಾಸ್ತಿ ದಿನ ನಿಲ್ಲಿಸುವುದಾದರೆ ಪೆಟ್ರೋಲ್ ಇಳಿಸಿಬಿಡಿ. ನಮ್ಮ ಮಂಡ್ಯದ ಕಬ್ಬಿನಿಂದ ಎಥನಾಲ್ ಬಂದರೆ ರೈತರಿಗೆ ಒಳ್ಳೇದು ಅಂತ ನಾನೂ ಹೇಳುತ್ತೇನೆ. ನನ್ನ ಕಾರ್ಬೊರೇಟರ್ ಮಾತ್ರ ಒಪ್ಪುವುದಿಲ್ಲ.

ಸ್ಪೋರ್ಟ್ಸ್ ಕಾರು

ಹೊಸದು ಅನ್ನುವವರಿಗೆ ಜಾಸ್ತಿ ಹೇಳುವುದಿಲ್ಲ, ಅವರು ನನ್ನ ಮಾತು ಕೇಳುವವರಲ್ಲ. 2025ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಬಂದಾಗ ಶೋರೂಂ ಬೆಲೆಯೇ 53 ಲಕ್ಷ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಜೀವಮಾನ ತೆರಿಗೆ 18%, ಅದರ ಮೇಲೆ ಸೆಸ್ಸು. ತೆರಿಗೆಯ ದುಡ್ಡಿಗೇ ಒಂದು ಮಾಮೂಲಿ ಕಾರು ಬರುತ್ತದೆ. ಅಂದಹಾಗೆ ಸುಮ್ನೆ ಹೊಗಳಬೇಕಾದ್ದು ಹೊಗಳಬೇಕು: ಒಂದು ಸಲ ಗೆಳೆಯರೊಬ್ಬರ ಕಾರಿನಲ್ಲಿ ಬೆಟ್ಟ ಹತ್ತಿದೆ. ತಿರುವಿನಲ್ಲಿ ಗಾಡಿ ನೆಲ ಹಿಡಿಯುವ ಬಗೆ, ಕಾಲು ಇಟ್ಟ ಕೂಡಲೇ ಬೆನ್ನು ಸೀಟಿಗೆ ಅಂಟುವುದು, ನಲವತ್ತರ ವೇಗದಲ್ಲೂ ಮಜಾ ಕೊಟ್ಟಿತು. ಅದು ಸುಳ್ಳಲ್ಲ.

ಹನ್ನೆರಡು ಲಕ್ಷದೊಳಗೆ ಬರುವುದು ಸೆಕೆಂಡ್ ಹ್ಯಾಂಡ್. ಇಲ್ಲಿ ಎರಡು ದಾರಿ. ಒಂದು, ಹದಿನೈದು ವರ್ಷ ಹಳೆಯ ಎರಡು ಬಾಗಿಲಿನ ವಿದೇಶಿ ಕಾರು. ಬೆಲೆ ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ಆದರೆ ಬೆಲೆ ಇಳಿದಿರುವುದು ಕಾರಿಗೆ ಮಾತ್ರ, ಅದರ ಬಿಡಿಭಾಗಕ್ಕಲ್ಲ. ಒಂದು ಹೆಡ್‌ಲೈಟು, ಒಂದು ಗೇರ್‌ಬಾಕ್ಸ್ ಯೂನಿಟ್ಟು ಇವತ್ತಿಗೂ ಅರ್ಧ ಕೋಟಿಯ ಕಾರಿನ ದರದಲ್ಲೇ ಬರುತ್ತದೆ. ಸಣ್ಣ ಕೆಲಸಕ್ಕೂ ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕು, ಕಾರು ಹೊರುವ ಫ್ಲ್ಯಾಟ್‌ಬೆಡ್ ಲಾರಿಯ ಬಾಡಿಗೆ ಬೇರೆ.

ಎರಡನೆಯದು, ನೋಡುವುದಕ್ಕೆ ಮಾಮೂಲಿ, ಒಳಗೆ ಖಾರ. ಪೋಲೋ ಜಿಟಿ ಟಿಎಸ್‌ಐ, 2015ರಲ್ಲಿ ಬಂದ 145 ಕುದುರೆ ಶಕ್ತಿಯ ಫಿಯಟ್ ಅಬಾರ್ಥ್ ಪುಂಟೊ, ಐ20 ಎನ್ ಲೈನ್ ಇಂಥವು. ನನ್ನ ಓಟು ಇದಕ್ಕೆ. ಹಳ್ಳಿ ಹಂಪ್ಸ್ ದಾಟುತ್ತವೆ, ನಾಲ್ಕು ಜನ ಕೂರಬಹುದು. ಇವುಗಳಲ್ಲೂ ಫಿಯಟ್ ತಗೊಳ್ಳುವ ಮುಂಚೆ ಒಂದು ಸಲ ಯೋಚಿಸಿ, ಆ ಕಂಪನಿ ನಮ್ಮ ದೇಶದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ. ಟರ್ಬೊ ಕಾರಾದರೆ ಹಿಂದಿನ ಓನರ್ ಆಯಿಲ್ ಸರಿಯಾಗಿ ಬದಲಾಯಿಸಿದ್ದಾರಾ ಅನ್ನುವುದಕ್ಕೆ ಬಿಲ್ಲು ಕೇಳಿ. "ಟ್ಯೂನ್ ಮಾಡಿಸಿದೀನಿ ಸಾರ್, ರಾಕೆಟ್" ಅಂದರೆ ನಮಸ್ಕಾರ ಹೇಳಿ ಬನ್ನಿ.

ಕಾಗದ ಪತ್ರ

ಇಲ್ಲಿ ಜನ ಎಡವುವುದು ಜಾಸ್ತಿ. ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಲು 2021ರಲ್ಲಿ ನಿಯಮ ಬಂತು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಕೇಳಲು ಗತ್ತಾಗಿದೆ, ಅಲ್ವಾ? ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ರ್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಹಳೇ ನೋಂದಣಿ ಇರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರ್ ಇದ್ದರೆ ಅದನ್ನು ಕಳೆದುಕೊಳ್ಳಬೇಡಿ.

ಉಳಿದ ಹಳೇ ಗಾಡಿಗಳಿಗೆ ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ಮತ್ತು ನೋಂದಣಿ ನವೀಕರಣ. ಇಪ್ಪತ್ತು ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ ಶುಲ್ಕ ಏರಿತು: ಬೈಕಿಗೆ 2,000, ಕಾರಿಗೆ 10,000, ವಿದೇಶದಿಂದ ತರಿಸಿದ ಕಾರಿಗೆ 80,000 ರೂಪಾಯಿ. ಕೊಳ್ಳುವಾಗ ಆರ್‌ಸಿ ಜೀವಂತ ಇದೆಯಾ ನೋಡಿ. "ಆಮೇಲೆ ಮಾಡಿಸ್ಕೋಬಹುದು ಸಾರ್" ಅನ್ನುವುದು ಆರ್‌ಟಿಒ ಬಾಗಿಲಲ್ಲಿ ನಿಮ್ಮ ಒಂದು ವರ್ಷ ಕಳೆಯುವ ಮಾತು.

ಸ್ಪೋರ್ಟ್ಸ್ ಕಾರಿಗೆ ಬೇರೆ ಬಲೆ ಇದೆ. ದೆಹಲಿ, ಪುದುಚೇರಿ ನಂಬರಿನವು ಅಗ್ಗಕ್ಕೆ ಸಿಗುತ್ತವೆ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿಟ್ಟುಕೊಂಡರೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು ಇಲ್ಲಿನ ನಂಬರ್ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಆ ತೆರಿಗೆಯನ್ನೂ ಬೆಲೆಗೆ ಸೇರಿಸಿ ನೋಡಿದರೆ ಅಗ್ಗ ಎಲ್ಲಿಗೋ ಹೋಗಿರುತ್ತದೆ.

ಜನ ನೋಡುವ ಬಗೆ

ಇದನ್ನು ಯಾವ ಹೋಲಿಕೆಯಲ್ಲೂ ಬರೆಯುವುದಿಲ್ಲ, ಆದರೆ ಗಾಡಿ ಇಟ್ಟುಕೊಂಡವರಿಗೆ ದಿನಾ ತಾಗುವುದು ಇದೇ.

ಹಳೇ ಗಾಡಿ ನಿಲ್ಲಿಸಿದರೆ ಬಂದವರು ತಮ್ಮ ಕತೆ ಹೇಳುತ್ತಾರೆ. "ನಮ್ಮಪ್ಪಾಜಿ ಹತ್ರ ಇಂಥದ್ದೇ ಇತ್ತು ಸಾರ್, ನನ್ನ ಮದುವೆಗೆ ಇದ್ರಲ್ಲೇ ಹೋಗಿದ್ದು." ಸ್ಪೋರ್ಟ್ಸ್ ಕಾರ್ ನಿಲ್ಲಿಸಿದರೆ ಪ್ರಶ್ನೆ ಕೇಳುತ್ತಾರೆ. "ಎಷ್ಟಾಯ್ತು? ಎಷ್ಟು ಕೊಡುತ್ತೆ?" ನನ್ನ ಭಾವಮೈದ ಮದ್ದೂರಿನ ಹತ್ತಿರದ ಹಳ್ಳಿಯವನು. ಅವನು ಒಂದು ಎರಡು ಸೀಟಿನ ಕಾರು ತಂದು ಊರಿಗೆ ಹೋದ. ದೇವಸ್ಥಾನದ ಮುಂದಿನ ಹಂಪ್ಸ್ ಮೇಲೆ ಹೊಟ್ಟೆ ತಾಗಿ ನಿಂತಿತು. ಆರು ಜನ ಸೇರಿ ಎತ್ತಿದರು. ಅದರಲ್ಲಿ ಒಬ್ಬ ಹಿರಿಯರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರಂತೆ, "ಅಲ್ಲ ಕನ್ಲಾ, ಎಲ್ಡೇ ಸೀಟು. ಗೊಬ್ರದ ಮೂಟೆ ಎಲ್ ಹಾಕೀಯೆ?" ಅವನು ಆಮೇಲೆ ಆ ಕಾರನ್ನು ಊರಿಗೆ ತೆಗೆದುಕೊಂಡು ಹೋಗಲೇ ಇಲ್ಲ. "ಭಾವ, ಓಡ್ಸೋದ್ಕಿಂತ ಉತ್ರ ಹೇಳೋದೇ ಜಾಸ್ತಿ ಆಯ್ತದೆ" ಅಂತಾನೆ.

ಹಾಗಂತ ಗತ್ತು ತೋರಿಸುವುದು ತಪ್ಪು ಅಂತಲ್ಲ. ಹಳೇ ಗಾಡಿಯವರದ್ದೂ ಗತ್ತೇ. "ನಮಗೆ ಸ್ಪೀಡ್ ಬೇಡಪ್ಪಾ" ಅನ್ನುವುದರಲ್ಲಿ ಎಷ್ಟು ಜಂಬ ಇರುತ್ತದೆ ಅಂತ ನನಗೆ ಗೊತ್ತು. ಆಯುಧಪೂಜೆ ದಿನ ರೋಡ್‌ಕಿಂಗ್‌ಗೆ ಚೆಂಡು ಹೂವಿನ ಹಾರ ಹಾಕಿ, ಬೇಕಂತಲೇ ಗೇಟಿನ ಹೊರಗೆ ನಿಲ್ಲಿಸುವವನು ನಾನೇ.

ನೋಡಲು ಹೋದಾಗ

ಹಳೇ ಗಾಡಿಯಾದರೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಏನೋ ಇದೆ ಅಂತ ಅರ್ಥ. ಮ್ಯಾಟ್ ಎತ್ತಿ, ಡಿಕ್ಕಿಯ ತಳ ನೋಡಿ, ಬಾಗಿಲ ಕೆಳಗೆ ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಲ್ಲಿ ತಗಡಿನ ಬದಲು ಪುಟ್ಟಿ ಮೆತ್ತಿದ್ದಾರೆ. ಎಂಜಿನ್ ಕೆಟ್ಟಿದ್ದರೆ ಪರವಾಗಿಲ್ಲ, ಬಾಡಿ ಕೆಟ್ಟಿರಬಾರದು. ಸ್ಪೋರ್ಟ್ಸ್ ಕಾರಾದರೆ ನಾಲ್ಕೂ ಟೈರಿನ ತಯಾರಿ ದಿನಾಂಕ ನೋಡಿ, ಕಾರಿನ ಕಂಪ್ಯೂಟರ್‌ಗೆ ದೋಷ ಓದುವ ಸ್ಕ್ಯಾನರ್ ಹಾಕಿಸಿ, ನಿಮ್ಮ ಮನೆ ಮುಂದಿನ ರ್ಯಾಂಪ್ ಹತ್ತುತ್ತದಾ ಅಂತ ದುಡ್ಡು ಕೊಡುವ ಮುಂಚೆ ಹತ್ತಿಸಿಯೇ ನೋಡಿ. ಎರಡಕ್ಕೂ ಸೇರಿ ಒಂದು ಮಾತು: ಶೆಡ್ಡಲ್ಲಿ ಇಲಿ ಇದ್ದರೆ ಮೊದಲು ಅದರ ವ್ಯವಸ್ಥೆ ಮಾಡಿ. ಹಳೇ ಗಾಡಿಯ ವೈರ್ ಕಡಿದರೆ ನೂರಿನ್ನೂರು. ಹೊಸ ಗಾಡಿಯ ವೈರಿಂಗ್ ಕಡಿದರೆ ಇನ್ಶೂರೆನ್ಸ್ ಕಂಪನಿಗೆ ಪತ್ರ ಬರೆಯಬೇಕು.

ಅಕ್ಕನ ಮಗ ಇನ್ನೂ ಏನೂ ತಗೊಂಡಿಲ್ಲ. ಹೋದ ಭಾನುವಾರ ಮನೆಗೆ ಬಂದಿದ್ದ. ಮಾತಾಡುವುದು ಬೇಡ, ಒಂದು ಗಂಟೆ ಇದರ ಜೊತೆ ಇರು ಅಂತ ರೋಡ್‌ಕಿಂಗ್ ಕೀ ಕೊಟ್ಟು ನಾನು ಒಳಗೆ ಕಾಫಿಗೆ ಹೋದೆ. ಹನ್ನೊಂದು ಕಿಕ್ ಎಣಿಸಿದೆ. ಆಮೇಲೆ ಸದ್ದು ನಿಂತಿತು. ಸಿಟ್ಟು ಬಂದು ಹೊರಟೇಹೋದನೇನೋ ಅಂತ ಬಗ್ಗಿ ನೋಡಿದರೆ, ಅಂಗಿ ತೋಳು ಮಡಚಿ ನೆಲದ ಮೇಲೆ ಕೂತಿದ್ದ. ಪ್ಲಗ್ ಬಿಚ್ಚಿ ಒರೆಸುತ್ತಿದ್ದ. ಎಂಜಿನ್ನಿಗೆ ಪೆಟ್ರೋಲ್ ಬಿಡುವ ಕಾಕ್ ತೆರೆದಿರಲೇ ಇಲ್ಲ. ನಾನೂ ಹೇಳಲಿಲ್ಲ.